ಮೊದಲು ಏಳಬೇಕಾದ ಯಂತ್ರ ಯಾವುದು?

ವಿದ್ಯುತ್ ಹೋದಾಗ ಆಗುವ ತೊಂದರೆಗಳನ್ನು ನಾವೆಲ್ಲ ಬಲ್ಲೆವು. ಅದು ಮರಳಿ ಬಂದಾಗಲೂ ಅನಾಹುತವಾಗಬಹುದೆಂಬುದು ನನಗೆ ಮನವರಿಕೆಯಾದದ್ದು 2014ರ ಮಳೆಗಾಲದ ಒಂದು ರಾತ್ರಿ. ಆಗ ನಾನು ಶಿಕ್ಷಣ ಸಂಸ್ಥೆಯೊಂದರ ಶುಲ್ಕ ಪಾವತಿಯ ಡೇಟಾಬೇಸನ್ನು ನೋಡಿಕೊಳ್ಳುತ್ತಿದ್ದೆ.

ಒಂದೇ ಯಂತ್ರವನ್ನು ನಂಬಿ ಕೂರುವುದು ವಿವೇಕವಲ್ಲವೆಂದು ಅಲ್ಲಿ ಮೂರು ಸರ್ವರ್‌ಗಳನ್ನು ಒಂದು ಕ್ಲಸ್ಟರ್ ಆಗಿ ಬೆಸೆದಿದ್ದೆವು. ಹಾಗೆ ಬೆಸೆಯುವ ತಂತ್ರಾಂಶದ ಹೆಸರು ಗಲೇರಾ. ಕ್ಲಸ್ಟರಿನ ಪ್ರತಿಯೊಂದು ಯಂತ್ರವನ್ನೂ ನೋಡ್ ಎನ್ನುತ್ತಾರೆ. ಯಾವ ನೋಡ್‌ಗೆ ಹೊಸ ನಮೂದು ಬಂದರೂ ಅದಕ್ಕೊಂದು ಕ್ರಮಸಂಖ್ಯೆ ಬಿದ್ದು ಉಳಿದೆರಡಕ್ಕೂ ತಲುಪುತ್ತದೆ. ಮೂರರಲ್ಲೂ ಒಂದೇ ಲೆಕ್ಕ. ಎರಡು ಸಾಲದೆ ಮೂರೇಕೆ ಎಂದರೆ, ಬಹುಮತಕ್ಕಾಗಿ. ನಡುವಿನ ಸಂಪರ್ಕ ಕಡಿದಾಗ ಅರ್ಧಕ್ಕಿಂತ ಹೆಚ್ಚು ನೋಡ್‌ಗಳಿರುವ ಕಡೆ ಮಾತ್ರ ಕೆಲಸ ಮುಂದುವರಿಯುತ್ತದೆ. ಒಂಟಿಯಾದದ್ದು ಬಾಯಿ ಮುಚ್ಚಿ ಕೂರುತ್ತದೆ. ನಮ್ಮ ವಿಧಾನಸಭೆಯ ಕೋರಂಗೆ ಹತ್ತನೇ ಒಂದರಷ್ಟು ಸದಸ್ಯರಿದ್ದರೆ ಸಾಕು, ಅದಕ್ಕೂ ಗಂಟೆ ಬಾರಿಸಬೇಕಾಗುತ್ತದೆ! ಯಂತ್ರಗಳ ಕೋರಂ ಅಷ್ಟು ಉದಾರವಲ್ಲ.

ನಡೆಯುತ್ತಿರುವ ಕ್ಲಸ್ಟರ್ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಕಷ್ಟವಿರುವುದು ಮೂರೂ ನಿಂತುಹೋದಾಗ. ಪ್ರತಿ ನೋಡ್‌ನ ಕಾನ್ಫಿಗರೇಷನ್ ಕಡತದಲ್ಲಿ ಸಂಗಾತಿಗಳ ವಿಳಾಸ ಬರೆದ ಒಂದು ಸಾಲಿರುತ್ತದೆ. ಎಚ್ಚರಗೊಂಡ ನೋಡ್ ಆ ವಿಳಾಸಗಳನ್ನು ತಟ್ಟಿ, ತೆರೆದ ಬಾಗಿಲಿದ್ದರೆ ಒಳಸೇರುತ್ತದೆ. ಆದರೆ ಎಲ್ಲರೂ ಮಲಗಿರುವಾಗ ಯಾರು ಯಾರ ಬಾಗಿಲು ತಟ್ಟಬೇಕು? ಆದ್ದರಿಂದ ಒಂದಕ್ಕೆ ಮಾತ್ರ, ನೀನೇ ಮೊದಲಿಗ, ಕ್ಲಸ್ಟರನ್ನು ಹೊಸದಾಗಿ ಆರಂಭಿಸು ಎಂದು ಮನುಷ್ಯನೊಬ್ಬ ಹೇಳಬೇಕು. ವಿಳಾಸದ ಸಾಲನ್ನು ಖಾಲಿ ಬಿಟ್ಟರೆ ನೋಡ್ ಹಾಗೆಯೇ ಅರ್ಥಮಾಡಿಕೊಳ್ಳುತ್ತದೆ. ಆ ಮೊದಲಿಗ ಎಲ್ಲರಿಗಿಂತ ಕೊನೆಗೆ ಮಲಗಿದವನಾಗಿರಬೇಕು, ಅಂದರೆ ಅತ್ಯಂತ ದೊಡ್ಡ ಕ್ರಮಸಂಖ್ಯೆ ಅವನ ಬಳಿ ಇರಬೇಕು. ಏಕೆಂದರೆ ಉಳಿದವರು ಅವನ ಲೆಕ್ಕವನ್ನೇ ಸತ್ಯವೆಂದು ಒಪ್ಪುತ್ತಾರೆ.

ಅಂದು ಶುಲ್ಕ ಕಟ್ಟುವ ಕೊನೆಯ ದಿನ. ಸಂಜೆ ಮಳೆಗೆ ವಿದ್ಯುತ್ ಹೋಗಿ, ಒಂದನೇ ನೋಡ್‌ನ ಯುಪಿಎಸ್ ಮೊದಲು ಕೈಕೊಟ್ಟಿತು. ಬೇರೆ ಯುಪಿಎಸ್‌ಗೆ ಜೋಡಿಸಿದ್ದ ಉಳಿದೆರಡು, ಬಹುಮತದ ಬಲದಿಂದ, ಇನ್ನೂ ಸುಮಾರು ನಲವತ್ತು ನಿಮಿಷ ಹಣ ಸ್ವೀಕರಿಸುತ್ತಲೇ ಇದ್ದು ಆಮೇಲೆ ಒಟ್ಟಿಗೆ ಆರಿದವು. ವಿದ್ಯುತ್ ಬಂದಾಗ ಮೂರೂ ತಾವಾಗಿ ಎದ್ದವು. ಒಂದನೇ ನೋಡ್‌ನ ವಿಳಾಸದ ಸಾಲು ಖಾಲಿಯಿತ್ತು. ಮೊದಲ ದಿನ ಕ್ಲಸ್ಟರ್ ಕಟ್ಟುವಾಗ ಖಾಲಿ ಬಿಟ್ಟದ್ದನ್ನು ಆಮೇಲೆ ತುಂಬಲು ನಾನು ಮರೆತಿದ್ದೆ. ಹೀಗಾಗಿ ಎಲ್ಲರಿಗಿಂತ ಕಡಿಮೆ ತಿಳಿದಿದ್ದ ಯಂತ್ರವೇ ತನ್ನನ್ನು ಮೊದಲಿಗನೆಂದು ಘೋಷಿಸಿಕೊಂಡಿತು.

ಉಳಿದೆರಡು ಒಪ್ಪಲಿಲ್ಲ. ನನ್ನ ಸಂಖ್ಯೆ ಗುಂಪಿನ ಸಂಖ್ಯೆಗಿಂತ ದೊಡ್ಡದು, ದತ್ತಾಂಶ ನಷ್ಟವಾಗದಿರಲೆಂದು ನಿಲ್ಲುತ್ತಿದ್ದೇನೆ, ಬೇಕಾದರೆ ಇಂಥ ಕಡತ ಅಳಿಸಿ ಮುಂದುವರಿಯಿರಿ ಎಂಬರ್ಥದ ಸಂದೇಶ ಪರದೆಯ ಮೇಲೆ ಬಂತು. ರಾತ್ರಿ ಒಂದು ಗಂಟೆ. ಫೋನಿನಲ್ಲಿ ಮೇಲಿಂದ ಮೇಲೆ ವಿಚಾರಣೆ. ನಾನು ಓದಿದ್ದು ಸಂದೇಶದ ಕೊನೆಯ ಭಾಗವನ್ನು ಮಾತ್ರ. ಕಡತ ಅಳಿಸಿದೆ. ಎರಡೂ ಯಂತ್ರಗಳು ತಮ್ಮ ಲೆಕ್ಕವನ್ನು ಒರೆಸಿ, ಒಂದನೆಯದರ ಲೆಕ್ಕವನ್ನು ಪೂರ್ತಿಯಾಗಿ ನಕಲು ಮಾಡಿಕೊಂಡವು. ಎಲ್ಲ ದೀಪಗಳೂ ಹಸಿರಾದವು. ನಾನು ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಪೋಷಕರು ಬಂದರು. ಬ್ಯಾಂಕಿಗೆ ಅವರ ಹಣ ತಲುಪಿತ್ತು, ಅವರ ಮೊಬೈಲಿನಲ್ಲಿ ರಸೀದಿಯ ಸಂದೇಶವಿತ್ತು. ನಮ್ಮಲ್ಲಿ ಮಾತ್ರ ಅವರ ಮಕ್ಕಳು ಬಾಕಿದಾರರು. ಬ್ಯಾಂಕಿನ ಪಟ್ಟಿ ಹಿಡಿದು ಆ ನಲವತ್ತು ನಿಮಿಷಗಳನ್ನು ಕೈಯಿಂದ ಮತ್ತೆ ಬರೆಯಲು ಮೂರು ದಿನ ಹಿಡಿಯಿತು. ದಂಡ ಕಟ್ಟಿ ರಸೀದಿ ಪಡೆದು ಹೋಗಿದ್ದ ಒಬ್ಬ ತಂದೆಯನ್ನು ಹುಡುಕಿ ಹಣ ಮರಳಿಸಬೇಕಾಯಿತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಸಂಸ್ಥೆಯ ಅಮೆರಿಕದ ಪೂರ್ವ ಕರಾವಳಿಯ ಕೇಂದ್ರಕ್ಕೆ, ಉಪಕರಣವೊಂದನ್ನು ಬದಲಿಸುವಾಗ, 43 ಸೆಕೆಂಡುಗಳ ಕಾಲ ಸಂಪರ್ಕ ಕಡಿಯಿತು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ಕರಾವಳಿಯ ಡೇಟಾಬೇಸ್‌ಗಳಿಗೆ ಪಟ್ಟ ಕಟ್ಟಿಬಿಟ್ಟಿತು. ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಬರಹಗಳಿದ್ದವು, ಪಶ್ಚಿಮದಲ್ಲಿ ಪೂರ್ವ ಕಾಣದ ಬರಹಗಳು. ಅವರು ಅವಸರದಲ್ಲಿ ಯಾವುದನ್ನೂ ಅಳಿಸಲಿಲ್ಲ. ದತ್ತಾಂಶ ಉಳಿಯಲಿ, ಸೇವೆ ಕುಂಟಿದರೂ ಸರಿ ಎಂದು ನಿರ್ಧರಿಸಿದರು. 24 ಗಂಟೆ 11 ನಿಮಿಷ ಅದು ಕುಂಟಿತು. ಅವರ ಬಹಿರಂಗ ವರದಿಯನ್ನು ಓದುವಾಗ ನನಗೆ ಹೊಟ್ಟೆಕಿಚ್ಚೇ ಆಯಿತು.

ಗಲೇರಾ ತಯಾರಕರು 2016ರಲ್ಲಿ ಒಂದು ಕಾವಲು ಸೇರಿಸಿದರು. ಕೊನೆಗೆ, ಕ್ರಮವಾಗಿ ನಿಂತ ನೋಡ್‌ನ ಕಡತದಲ್ಲಿ 1 ಎಂದೂ ಉಳಿದವುಗಳಲ್ಲಿ 0 ಎಂದೂ ದಾಖಲಾಗುತ್ತದೆ. 0 ಇರುವ ನೋಡ್ ಮೊದಲಿಗನಾಗಲು ನಿರಾಕರಿಸುತ್ತದೆ. ಆದರೆ ಹಠಾತ್ತನೆ ವಿದ್ಯುತ್ ಹೋದರೆ ಎಲ್ಲದರಲ್ಲೂ 0, ಕ್ರಮಸಂಖ್ಯೆಯ ಜಾಗದಲ್ಲಿ ಮೈನಸ್ 1. ಆಗ ಪ್ರತಿ ಯಂತ್ರದ ಒಳದಾಖಲೆಯಿಂದ ನಿಜವಾದ ಸಂಖ್ಯೆಯನ್ನು ಆಜ್ಞೆ ಕೊಟ್ಟು ಹೊರತೆಗೆದು, ಹೋಲಿಸಿ, ದೊಡ್ಡದಿರುವ ಕಡೆ 0 ಅಳಿಸಿ 1 ಬರೆಯುವವನು ಮತ್ತೆ ಮನುಷ್ಯನೇ.

ಈಗ ನಾನು ಆರು ತಿಂಗಳಿಗೊಮ್ಮೆ, ಒಂದು ಭಾನುವಾರ, ಪರೀಕ್ಷೆಗೆಂದೇ ಇಟ್ಟ ಮೂರು ಸರ್ವರ್‌ಗಳ ಪ್ಲಗ್ ಕಿತ್ತು, ಹೊಸದಾಗಿ ಸೇರಿದವರಿಗೆ ಮೇಲೆಬ್ಬಿಸಲು ಹೇಳುತ್ತೇನೆ. ಕಳೆದ ಬಾರಿ ಬಂದ ಹುಡುಗಿ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಎರಡು ಸಲ ಹೋಲಿಸುವವರೆಗೆ ಯಾವ ಯಂತ್ರವನ್ನೂ ಎಬ್ಬಿಸಲಿಲ್ಲ. ಮ್ಯಾನೇಜರು ಗಡಿಯಾರ ನೋಡುತ್ತಿದ್ದರು. ಅವಳು ಅವರ ಕಡೆ ನೋಡಲೇ ಇಲ್ಲ.