ಗಣಕಯಂತ್ರಕ್ಕೆ ನೆನಪು ಎಷ್ಟಿರಬೇಕು?

ಮನುಷ್ಯನಿಗೆ ನೆನಪು ಕಡಿಮೆಯಾದರೆ ವ್ಯವಹಾರ ಕೆಡುತ್ತದೆ, ಹೆಚ್ಚಾದರೆ ನಿದ್ರೆ ಕೆಡುತ್ತದೆ ಎನ್ನುವುದುಂಟು. ಗಣಕಯಂತ್ರಕ್ಕೂ ಈ ಮಾತಿನ ಮೊದಲರ್ಧ ಸಲ್ಲುತ್ತದೆ. ನೆನಪು ಕಡಿಮೆಯಾದರೆ ಅದರ ಕೆಲಸ ಕುಂಟುತ್ತದೆ. ಹೆಚ್ಚಾದರೆ ಮಾತ್ರ ಯಂತ್ರಕ್ಕೇನೂ ತೊಂದರೆಯಿಲ್ಲ. ಕೊಂಡವರ ನಿದ್ರೆ ಕೆಡುತ್ತದೆ.

ನಮ್ಮ ನೆರೆಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಕಳೆದ ತಿಂಗಳು ಒಂದು ಸಂಜೆ ಅವರು ಅಂಗಡಿಯವರು ಬರೆದುಕೊಟ್ಟ ಚೀಟಿಯೊಂದನ್ನು ಹಿಡಿದುಕೊಂಡು ಬಂದರು. ಪದವಿ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳ ಲ್ಯಾಪ್‌ಟಾಪ್ ತೀರ ನಿಧಾನವಾಗಿತ್ತು. ಹೊಸದನ್ನು ಕೊಳ್ಳಿರಿ, ಅದರಲ್ಲಿ 32 ಜಿ.ಬಿ. ರ್‍ಯಾಮ್ ಇರಲೇಬೇಕು ಎಂಬುದು ಅಂಗಡಿಯವರ ಸಲಹೆ.

"ಮೇಷ್ಟ್ರೇ, ನನ್ನ ಎರಡು ತಿಂಗಳ ಪಿಂಚಣಿ ಇದಕ್ಕೇ ಹೋಗುತ್ತದೆ. ಮಗುವಿನ ಓದಿಗೆ ಎಂದಮೇಲೆ ಇಲ್ಲವೆನ್ನಲಾರೆ. ಆದರೆ ಇಷ್ಟು ನಿಜವಾಗಿಯೂ ಬೇಕೆ?" ಎಂದು ಕೇಳಿದರು.

ಕನ್ನಡ ಪಾಠ ಹೇಳುವವನನ್ನು ಈ ಪ್ರಶ್ನೆ ಕೇಳುವುದೇಕೆಂದು ವಾಚಕರಿಗೆ ಅನಿಸಬಹುದು. ಓಲೆಗರಿಗಳ ಛಾಯಾಚಿತ್ರಗಳನ್ನು ಓದಲು ಹೋಗಿ ನಾನೂ ಒಮ್ಮೆ ಇದೇ ಕಷ್ಟಕ್ಕೆ ಸಿಕ್ಕಿ, ಅಷ್ಟಿಷ್ಟು ತಿಳಿದುಕೊಂಡಿದ್ದೆ.

ರ್‍ಯಾಮ್ ಎಂದರೇನೆಂದು ಅವರಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಅಂಚೆ ಕಚೇರಿಯಲ್ಲಿ ಚೀಲಗಳು ಒಳಕೋಣೆಯಲ್ಲಿರುತ್ತವೆ. ವಿಂಗಡಿಸುವಾಗ ಕಾಗದಗಳು ಮೇಜಿನ ಮೇಲಿರುತ್ತವೆ. ಹಾರ್ಡ್ ಡಿಸ್ಕ್ ಆ ಒಳಕೋಣೆ. ಯಂತ್ರವನ್ನು ಆರಿಸಿದರೂ ಅಲ್ಲಿಟ್ಟದ್ದು ಉಳಿಯುತ್ತದೆ. ರ್‍ಯಾಮ್ ಆ ಮೇಜು. ಯಂತ್ರ ಆರಿದೊಡನೆ ಅದು ಬರಿದು. ಮೇಜು ತುಂಬಿದಾಗ ಯಂತ್ರವು ಕೆಲವು ಕಾಗದಗಳನ್ನು ಒಳಕೋಣೆಗೆ ಹೊತ್ತು, ಬೇಕಾದಾಗ ಮತ್ತೆ ತರಬೇಕಾಗುತ್ತದೆ. ರ್‍ಯಾಮಿನಿಂದ ಒಂದು ಅಂಶವನ್ನು ಪಡೆಯಲು ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು ಹೊತ್ತು ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸೆಕೆಂಡಿನ ನೂರರ ಒಂದು ಭಾಗದಷ್ಟು ಬೇಕು. ಅಂದರೆ ಸುಮಾರು ಒಂದು ಲಕ್ಷ ಪಟ್ಟು ತಡ! ಹುಡುಗಿಯ ಯಂತ್ರ ತೆವಳುತ್ತಿದ್ದುದು ಈ ಓಡಾಟದಿಂದ.

ಹಿಂದಿನ ಯಂತ್ರಗಳ ಮೇಜು ಎಷ್ಟು ಚಿಕ್ಕದಾಗಿತ್ತೆಂಬುದು ಇಂದಿಗೆ ವಿಸ್ಮಯ. 1969ರಲ್ಲಿ ಮಾನವನನ್ನು ಚಂದ್ರನಲ್ಲಿಗೆ ಕೊಂಡೊಯ್ದ ಅಪೊಲೊ ನೌಕೆಯ ಗಣಕದಲ್ಲಿ ಅಳಿಸಿ ಬರೆಯಬಲ್ಲ ನೆನಪು ಸುಮಾರು 4 ಕೆ.ಬಿ. ಮಾತ್ರ. 1981ರ ಐ.ಬಿ.ಎಂ. ಪಿ.ಸಿ. 16 ಕೆ.ಬಿ.ಯಿಂದ ಆರಂಭವಾಯಿತು. 1995ರ ವಿಂಡೋಸ್‌ಗೆ ಕನಿಷ್ಠ 4 ಎಂ.ಬಿ. ಬೇಕಿತ್ತು, 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ಇಪ್ಪತ್ತಾರು ವರ್ಷಗಳಲ್ಲಿ ಸಾವಿರ ಪಟ್ಟು!

ಇಷ್ಟೆಲ್ಲ ನೆನಪು ಎಲ್ಲಿಗೆ ಹೋಗುತ್ತದೆ? ಅಕ್ಷರಗಳಿಗೆ ಖಂಡಿತ ಅಲ್ಲ. ಇಂದು ಬಳಕೆಯಲ್ಲಿರುವ ಯೂನಿಕೋಡ್‌ನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಕನ್ನಡ' ಎಂಬ ಪದಕ್ಕೆ, ಒತ್ತಕ್ಷರವೂ ಸೇರಿ, 15 ಬೈಟ್. ಹೀಗೆ ಲೆಕ್ಕ ಹಾಕಿದರೆ ನಾನೂರು ಪುಟದ ಒಂದು ಕಾದಂಬರಿಗೆ ಸುಮಾರು 2 ಎಂ.ಬಿ. ಸಾಕು, 8 ಜಿ.ಬಿ.ಯಲ್ಲಿ ಅಂತಹ ನಾಲ್ಕು ಸಾವಿರ ಕಾದಂಬರಿಗಳು ಹಿಡಿಸುತ್ತವೆ. ಜಾಗ ತಿನ್ನುವುದು ಚಿತ್ರ. ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿದ್ದರೆ, ಅದನ್ನು ತೆರೆದಾಗ ಸುಮಾರು 36 ಎಂ.ಬಿ. ಬೇಕು. ಹದಿನೆಂಟು ಕಾದಂಬರಿಗಳ ಜಾಗವನ್ನು ಮೊಮ್ಮಗುವಿನ ಒಂದು ನಗು ಹಿಡಿಯುತ್ತದೆ ಎನ್ನಬಹುದು! ಅಂತರಜಾಲದ ಪುಟಗಳಂತೂ ಚಿತ್ರ, ಚಲನಚಿತ್ರ, ಜಾಹೀರಾತುಗಳನ್ನೆಲ್ಲ ಹೊತ್ತು ಬರುತ್ತವೆ. ಅಂತಹ ಇಪ್ಪತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೆ ಚಿಕ್ಕ ಮೇಜು ತಾಳುವುದು ಹೇಗೆ?

ನಾನು ಹುಡುಗಿಯನ್ನು ಕರೆದು, ಆಕೆ ದಿನವೂ ಬಳಸುವುದನ್ನೆಲ್ಲ ಒಮ್ಮೆಗೇ ತೆರೆಯುವಂತೆ ಹೇಳಿದೆ. ಅನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಕೂಡಿ ಒತ್ತಿಸಿದೆ. ಯಂತ್ರದ ಆಯವ್ಯಯ ಪಟ್ಟಿ ಎದುರಿಗೆ ಬಂತು. ಇದ್ದದ್ದು 4 ಜಿ.ಬಿ.; ಅದು ಹೆಚ್ಚುಕಡಿಮೆ ಪೂರ್ತಿ ತುಂಬಿತ್ತು; ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿತ್ತು. ಈ ಎರಡೂ ಒಟ್ಟಿಗೆ ಕಂಡರೆ ನೆನಪಿನ ಕೊರತೆ ಎಂದು ತಿಳಿಯಬೇಕು. ರ್‍ಯಾಮ್ ತುಂಬಿದಂತೆ ಕಂಡರೂ ಯಂತ್ರ ಚುರುಕಾಗಿದ್ದರೆ ಗಾಬರಿ ಬೇಡ. ಜಾಗವಿದ್ದಾಗ ಯಂತ್ರವು ಈಚೆಗೆ ಬಳಸಿದ್ದನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿರುತ್ತದೆ.

ಹಾಗಾದರೆ ಎಷ್ಟು ಬೇಕು? ಪತ್ರ, ಪಾಠ, ಬ್ಯಾಂಕು, ಅಂತರಜಾಲದ ಸಾಮಾನ್ಯ ಬಳಕೆಗೆ 8 ಜಿ.ಬಿ. ಸಾಕಾಗುತ್ತದೆ. ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವವರಿಗೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಛಾಯಾಚಿತ್ರಗಳನ್ನು ತಿದ್ದುವವರಿಗೆ 16 ಜಿ.ಬಿ. ಹಿತ. 32 ಜಿ.ಬಿ. ದೊಡ್ಡ ಚಲನಚಿತ್ರಗಳ ಸಂಕಲನದಂತಹ ಭಾರದ ಕೆಲಸದವರಿಗೆ. ಬೇಕಾದಷ್ಟು ಇದ್ದಮೇಲೆ ಇನ್ನಷ್ಟು ತುಂಬಿದರೆ ವೇಗ ಹೆಚ್ಚುವುದಿಲ್ಲ. ನಾಲ್ಕು ಜನ ಉಣ್ಣುವ ಮನೆಗೆ ನಲವತ್ತು ಎಲೆ ತಂದರೆ ಊಟ ಬೇಗ ಮುಗಿಯುವುದೆ?

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈಗಿನ ಅನೇಕ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಅನ್ನು ಫಲಕಕ್ಕೇ ಬೆಸೆದಿರುತ್ತಾರೆ, ಮುಂದೆ ಸೇರಿಸಲಾಗದು. ಅಂತಹುದನ್ನು ಕೊಳ್ಳುವವರು ಇಂದಿನ ಅಗತ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸುವುದು ಲೇಸು. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ತೀವ್ರವಾಗಿ ಏರಿತು. ಆದ್ದರಿಂದ ಲೆಕ್ಕ ತಪ್ಪಿದರೆ ನಷ್ಟವೂ ಹೆಚ್ಚು.

ಹುಡುಗಿಯ ಯಂತ್ರವನ್ನು ದುರಸ್ತಿಯವರು ಬಿಚ್ಚಿದಾಗ ಒಂದು ಖಾಲಿ ಸ್ಥಾನ ಕಂಡಿತು. ಅಲ್ಲಿ 8 ಜಿ.ಬಿ.ಯದೊಂದು ಪಟ್ಟಿಯನ್ನು ಕೂರಿಸಿದರು. ಖರ್ಚು ಆ ಚೀಟಿಯ ಮೊತ್ತದ ಹತ್ತರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ.

ಮೊನ್ನೆ ಗೇಟಿನ ಬಳಿ ಸಿಕ್ಕ ಹಿರಿಯರು ಉತ್ಸಾಹದಿಂದ ಹೇಳಿದರು: "ಈಗ ಓಡುತ್ತಿದೆ ಮೇಷ್ಟ್ರೇ. ಉಳಿದ ದುಡ್ಡಿನಲ್ಲಿ ಅವಳ ಈ ವರ್ಷದ ಫೀಸು ಕಟ್ಟಿಬಿಟ್ಟೆ."