ಗಪ್ಪಿ ತೊಟ್ಟಿಯಲ್ಲಿ ಗಂಡೆಷ್ಟು, ಹೆಣ್ಣೆಷ್ಟು?

ಬಣ್ಣ ನೋಡಿ ಮೀನು ಆರಿಸಿದರೆ ತೊಟ್ಟಿ ತುಂಬ ಗಂಡುಗಳೇ ಸೇರಿಕೊಳ್ಳುತ್ತವೆ. ಗಪ್ಪಿಯಲ್ಲಿ ಬೀಸಣಿಗೆಯಂಥ ಬಾಲ, ಮಿಂಚುವ ಬಣ್ಣ ಎಲ್ಲ ಹೆಚ್ಚಾಗಿ ಗಂಡಿಗೇ. ಹೆಣ್ಣು ಗಾತ್ರದಲ್ಲಿ ದೊಡ್ಡದು, ಆದರೆ ಬಣ್ಣ ಮಂಕು. ಹಾಗಾಗಿ ಅಂಗಡಿಯಿಂದ 5 ಗಂಡು, ‘ಜೊತೆಗಿರಲಿ’ ಅಂತ 2 ಹೆಣ್ಣು ಮನೆಗೆ ಬರುತ್ತವೆ. ಕೆಲವು ವಾರಗಳಲ್ಲಿ ಹೆಣ್ಣುಗಳು ಮೂಲೆ ಹಿಡಿದು, ಮೇವು ಬಿಟ್ಟು, ಒಂದೊಂದಾಗಿ ಸಾಯುತ್ತವೆ. ನೀರು ಸರಿಯಿಲ್ಲವೇನೋ, ರೋಗ ಬಂತೇನೋ ಅಂತ ನಾವು ಔಷಧಿ ಹುಡುಕ್ತೀವಿ. ಎಷ್ಟೋ ಸಲ ತೊಂದರೆ ಇರುವುದು ಗಂಡು-ಹೆಣ್ಣಿನ ಲೆಕ್ಕದಲ್ಲಿ.

ಪಪ್ಪಾಯಿ ಲೆಕ್ಕ ಇಲ್ಲಿ ನಡೆಯಲ್ಲ

ಈ ಲೆಕ್ಕ ರೈತರಿಗೆ ಹೊಸದೇನಲ್ಲ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುವ ಪಪ್ಪಾಯಿ ತಳಿಗಳಲ್ಲಿ ಹೂ ಬಂದ ಮೇಲೆ ಸುಮಾರು 10 ಹೆಣ್ಣಿಗೆ 1 ಗಂಡು ಉಳಿಸಿ, ಮಿಕ್ಕ ಗಂಡು ಗಿಡ ತೆಗೆದುಬಿಡ್ತೀವಿ. ನಾಟಿ ಕೋಳಿಯಲ್ಲಿ 8-10 ಹೇಂಟೆಗೆ ಒಂದು ಹುಂಜ. ಅಲ್ಲೆಲ್ಲ ಪ್ರಶ್ನೆ ಒಂದೇ: ಕಾಯಿ ಕಚ್ಚೋಕೆ, ಮೊಟ್ಟೆ ಮರಿಯಾಗೋಕೆ ಎಷ್ಟು ಗಂಡು ಸಾಕು?

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ನಾಲ್ಕೂ ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಮೀನುಗಳು. ಇವುಗಳಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಹೆಣ್ಣು ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ಮೈಯೊಳಗೇ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಮತ್ತೆ ಮತ್ತೆ ಮರಿ ಹಾಕಬಲ್ಲದು. ಅಂಗಡಿಯಲ್ಲಿ ಗಂಡಿನ ಜೊತೆ ಇದ್ದ ಹೆಣ್ಣು ಮನೆಗೆ ಬರುವಾಗಲೇ ಸಾಮಾನ್ಯವಾಗಿ ಬಸಿರಾಗಿರುತ್ತೆ.

ಹಾಗಾದರೆ ಲೆಕ್ಕ ಯಾಕೆ ಬೇಕು? ಹೆಣ್ಣಿಗೆ ಬಿಡುವು ಸಿಗಲಿ ಅಂತ. ಗಂಡು ಮೀನು ಬೆಳಕಿರುವಷ್ಟು ಹೊತ್ತೂ ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತೆ, ಹೆಣ್ಣು ಬಸಿರಾಗಿದ್ದರೂ ಬಿಡುವುದಿಲ್ಲ. ಹೊಳೆಯಲ್ಲಾದರೆ ಹೆಣ್ಣು ತಪ್ಪಿಸಿಕೊಂಡು ದೂರ ಹೋಗುತ್ತೆ. 2 ಅಡಿ ಗಾಜಿನೊಳಗೆ ಎಲ್ಲಿಗೆ ಹೋಗಬೇಕು? ಓಡುತ್ತಾ ಓಡುತ್ತಾ ಮೇವು ತಿನ್ನೋದು ಕಡಿಮೆಯಾಗುತ್ತೆ, ಈಜುರೆಕ್ಕೆ ಹರಿಯುತ್ತೆ, ಸೊರಗಿದ ಮೈಗೆ ರೋಗ ಬೇಗ ಅಂಟುತ್ತೆ.

ಅದಕ್ಕೇ 1 ಗಂಡಿಗೆ 3 ಹೆಣ್ಣು ಇರಲಿ. 2ಕ್ಕಿಂತ ಕಡಿಮೆ ಮಾತ್ರ ಬೇಡ. ಆಗ ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳದೆ ಹಂಚಿಹೋಗುತ್ತೆ.

ಗಂಡೋ, ಹೆಣ್ಣೋ? ಮೊಬೈಲ್ ತೆಗೀರಿ

ಬಣ್ಣ ನಂಬಬೇಡಿ. ಮೋಲಿ, ಪ್ಲಾಟಿಯಲ್ಲಿ ಗಂಡು-ಹೆಣ್ಣು ಎರಡಕ್ಕೂ ಒಂದೇ ಬಣ್ಣ ಇರಬಹುದು. ಹೊಟ್ಟೆಯ ಕೆಳಗೆ, ಬಾಲದ ಕಡೆಗಿರುವ ಈಜುರೆಕ್ಕೆ ನೋಡಿ. ಅದು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಹೆಣ್ಣು, ಕಡ್ಡಿಯಂತೆ ಸಣ್ಣಗೆ ಹಿಂದಕ್ಕೆ ಚಾಚಿಕೊಂಡಿದ್ದರೆ ಗಂಡು. ಕೂಡುವುದು ಆ ಕಡ್ಡಿಯ ಮೂಲಕವೇ.

ಮೀನು ಒಂದು ಕಡೆ ನಿಲ್ಲಲ್ಲ, ಹಾಗಾಗಿ ಪಕ್ಕದಿಂದ ವಿಡಿಯೋ ಮಾಡಿ, ನಿಲ್ಲಿಸಿ, ದೊಡ್ಡದು ಮಾಡಿ ನೋಡಿ. ಅಂಗಡಿಯಲ್ಲಿ ಆರಿಸುವಾಗಲೂ ಇದೇ ಮಾಡಿ. ಹೆಣ್ಣು ಗಪ್ಪಿಯಾದರೆ ಆ ಈಜುರೆಕ್ಕೆಯ ಹತ್ತಿರ ಹೊಟ್ಟೆಯ ಮೇಲೆ ಒಂದು ಕಪ್ಪು ಚುಕ್ಕೆಯೂ ಕಾಣುತ್ತೆ. ಮರಿ ಹಾಕುವ ದಿನ ಹತ್ತಿರ ಬಂದಂತೆ ಅದು ದೊಡ್ಡದಾಗುತ್ತೆ.

ಯಾವ ತೊಟ್ಟಿಗೆ ಎಷ್ಟು?

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಪೂರ್ತಿ ತುಂಬಿದರೆ ಸುಮಾರು 56 ಲೀಟರ್. ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 45 ಲೀಟರ್ ನೀರು ನಿಲ್ಲುತ್ತೆ.

• ಗಪ್ಪಿ: 2 ಗಂಡು, 5-6 ಹೆಣ್ಣು. ‘ಇನ್ನೂ ಜಾಗ ಇದೆಯಲ್ಲ’ ಅನಿಸಿದರೂ ತುಂಬಬೇಡಿ. ಆ ಜಾಗ ಮರಿಗಳಿಗೆ.
• ಪ್ಲಾಟಿ: 1 ಗಂಡು, 3 ಹೆಣ್ಣು.
• ಮೋಲಿ, ಸ್ವೋರ್ಡ್‌ಟೇಲ್: ಇವು ದೊಡ್ಡದಾಗಿ ಬೆಳೆಯುತ್ತವೆ, ಇದಕ್ಕಿಂತ ದೊಡ್ಡ ತೊಟ್ಟಿಯೇ ಬೇಕು. ಸ್ವೋರ್ಡ್‌ಟೇಲ್ ಗಂಡುಗಳು ಪರಸ್ಪರ ಕಾದಾಡುತ್ತವೆ, ಒಂದೇ ಗಂಡು ಇಡಿ.

ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಒಟ್ಟಿಗೆ ಇಟ್ಟರೆ ಮಿಶ್ರ ಮರಿಗಳು ಹುಟ್ಟುತ್ತವೆ. ತಳಿ ಶುದ್ಧವಾಗಿರಬೇಕು ಅಂದರೆ ಬೇರೆ ಬೇರೆ ಇಡಿ.

ಈಗಾಗಲೇ ಗಂಡು ಜಾಸ್ತಿ ಇದ್ದರೆ? ಲೆಕ್ಕ ಸರಿಮಾಡೋಕೆ ಅಂತ ಇನ್ನಷ್ಟು ಹೆಣ್ಣು ತರಬೇಡಿ. ತೊಟ್ಟಿ ಕಿಕ್ಕಿರಿದು ನೀರು ಬೇಗ ಕೆಡುತ್ತೆ. ಹೆಚ್ಚಿನ ಗಂಡುಗಳನ್ನೇ ಬೇರೆ ತೊಟ್ಟಿಗೆ ಹಾಕಿ. ಹೈಡ್ರಿಲ್ಲಾದಂಥ ನೀರು ಗಿಡವನ್ನು ಒಂದು ಕಡೆ ದಟ್ಟವಾಗಿ ಬಿಡಿ. ಹೆಣ್ಣಿಗೆ ಅಡಗೋಕೆ ಜಾಗ, ಮರಿಗಳಿಗೂ ಆಸರೆ. ದೊಡ್ಡ ಮೀನುಗಳು ಮರಿಗಳನ್ನು, ತಮ್ಮವೇ ಆದರೂ, ತಿಂದುಬಿಡುತ್ತವೆ.

ಬರೀ ಗಂಡು, ಬರೀ ಹೆಣ್ಣು ಇಟ್ಟರೆ?

ಮರಿ ಬೇಡ, ಬಣ್ಣ ಸಾಕು ಅನ್ನೋರು 6-7 ಗಂಡು ಗಪ್ಪಿ ಮಾತ್ರ ಇಡಬಹುದು. ಸ್ವಲ್ಪ ಕಿತ್ತಾಟ ಇರುತ್ತೆ, ಯಾವುದಾದರೂ ಒಂದನ್ನೇ ಎಲ್ಲವೂ ಕಚ್ಚುತ್ತಿದ್ದರೆ ಅದನ್ನು ತೆಗೆಯಿರಿ. ಬರೀ ಹೆಣ್ಣು ಇಟ್ಟರೆ ಮರಿ ಆಗಲ್ಲ ಅಂದುಕೊಳ್ಳಬೇಡಿ. ಮೇಲೆ ಹೇಳಿದ ದಾಸ್ತಾನು ಮುಗಿಯುವವರೆಗೂ ಮರಿ ಬರುತ್ತಲೇ ಇರುತ್ತವೆ.

ನಾಲ್ಕನೇ ವಾರ ಮರೀಬೇಡಿ

ಗಪ್ಪಿ ಸುಮಾರು 4 ವಾರಕ್ಕೊಮ್ಮೆ ಮರಿ ಹಾಕುತ್ತೆ. 5 ಹೆಣ್ಣು ತಲಾ 20 ಮರಿ ಹಾಕಿದರೂ ತಿಂಗಳಿಗೆ 100 ಆಯಿತು. ಕಾಲು ಭಾಗ ಬದುಕಿದರೂ ನೀವು ಕೂಡಿಸಿದ ಲೆಕ್ಕ ಎರಡೇ ತಿಂಗಳಲ್ಲಿ ತಲೆಕೆಳಗು. ಮರಿಗಳಲ್ಲಿ ಗಂಡು, ಹೆಣ್ಣು ಹೆಚ್ಚುಕಡಿಮೆ ಸಮ ಇರುತ್ತವೆ, ನಮಗೆ ಬೇಕಿರುವುದು ಒಂದಕ್ಕೆ ಮೂರು.

ಹುಟ್ಟಿದ 4ನೇ ವಾರದ ಹೊತ್ತಿಗೆ ಗಂಡು ಮರಿಗಳ ಗುರುತು ಸಿಗಲು ಶುರುವಾಗುತ್ತೆ. ಆಗಿನಿಂದ ವಾರಕ್ಕೊಮ್ಮೆ ನೋಡಿ, ಗಂಡು ಅಂತ ಖಾತ್ರಿಯಾದವನ್ನು ಬೇರೆ ಟಬ್ಬಿಗೆ ಹಾಕುತ್ತಾ ಬನ್ನಿ. ತಡಮಾಡಿದರೆ ಮರಿ ಹೆಣ್ಣುಗಳೂ ಬಸಿರಾಗುತ್ತವೆ. ಜೊತೆಗೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಈ ಮೀನುಗಳಿಗೆ ಗಡಸು ನೀರು ಒಗ್ಗುತ್ತೆ, ಬೋರ್‌ವೆಲ್ ನೀರಿಗೆ ಹೆದರಬೇಕಿಲ್ಲ. ತೆಗೆದ ನೀರಿಗೆ ಉಪ್ಪು, ಔಷಧಿ ಹಾಕಿಲ್ಲದಿದ್ದರೆ ಕರಿಬೇವಿನ ಬುಡಕ್ಕೆ ಸುರಿಯಿರಿ, ಅದರಲ್ಲಿ ಸಾರಜನಕ ಇರುತ್ತೆ.

ಹೆಚ್ಚಾದ ಮೀನು ಕೆರೆಗೆ ಬೇಡ

ಇದೊಂದು ಮಾತು ದಯವಿಟ್ಟು ನೆನಪಿಡಿ. ಗಪ್ಪಿ ಸೊಳ್ಳೆ ಮರಿ ತಿನ್ನುತ್ತೆ ನಿಜ, ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಉಂಟು. ಆದರೆ ಇದು ದಕ್ಷಿಣ ಅಮೆರಿಕದ ಮೀನು. ಒಂದೇ ಒಂದು ಬಸುರಿ ಹೆಣ್ಣು ಹಳ್ಳ ಸೇರಿದರೂ ಅಲ್ಲೊಂದು ಸಂತತಿ ಕಟ್ಟಬಲ್ಲದು. ನಮ್ಮ ಊರಿನ ಸಣ್ಣ ಮೀನುಗಳ ಮೇವಿಗೂ ಮರಿಗಳಿಗೂ ಅದು ಪೈಪೋಟಿ. ಮಳೆಗಾಲದಲ್ಲಿ ಕೋಡಿ ಹರಿಯುವ ಕೃಷಿ ಹೊಂಡಕ್ಕೂ ಬಿಡಬೇಡಿ, ಹರಿದ ನೀರು ಕೊನೆಗೆ ಸೇರುವುದು ಹಳ್ಳವನ್ನೇ.

ಹೆಚ್ಚಾದವನ್ನು ಮೀನು ಸಾಕುವ ಗೆಳೆಯರಿಗೆ ಕೊಡಿ, ಅಂಗಡಿಯವರನ್ನು ಕೇಳಿ, ಇಲ್ಲವೇ ಹೊರಕ್ಕೆ ಹರಿಯದ ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಸಾಕಿ. ಅಲ್ಲಿ ಸೊಳ್ಳೆ ಮರಿಗಳ ಕಾಟವೂ ಕಡಿಮೆಯಾಗುತ್ತೆ.

ಈ ಭಾನುವಾರ ತೊಟ್ಟಿ ಮುಂದೆ ಹತ್ತು ನಿಮಿಷ ಕೂತು ಗಂಡೆಷ್ಟು, ಹೆಣ್ಣೆಷ್ಟು ಎಣಿಸಿ. ಹೊಸ ಮೀನು ತರುವ ಯೋಚನೆ ಆಮೇಲೆ.