ಕತ್ತಿ, ಕುಂಚ, ಲೇಖನಿ: ಕರ್ನಲ್ ಮೆಡೋಸ್ ಟೇಲರ್

ಕಲ್ಯಾಣದುರ್ಗದ ಬಳಿಯ ಮುದಿಗಲ್ಲಿನಲ್ಲಿ ಕಲ್ಲುಚಪ್ಪಡಿಗಳಿಂದ ಕಟ್ಟಿದ ಪ್ರಾಚೀನ ಗೋರಿಗಳಿರುವುದು ನಮ್ಮ ಉಪಾಧ್ಯಾಯ ಬಂಧುಗಳಿಗೆ ತಿಳಿದ ವಿಷಯವೇ. ಇದೇ ಬಗೆಯ ಗೋರಿಗಳನ್ನು ಸುರಪುರ ಸೀಮೆಯಲ್ಲಿ ಅಗೆದು, ಅಳೆದು, ಚಿತ್ರಿಸಿಟ್ಟವನು ಒಬ್ಬ ಸೈನಿಕನೆಂಬುದು ಗಮನಾರ್ಹವಾದುದು.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದನು. ವ್ಯಾಪಾರಿಯ ಕೈಕೆಳಗೆ ದುಡಿಯಲೆಂದು 1824ರಲ್ಲಿ ಮುಂಬಯಿಗೆ ಬಂದವನು, ಬೇಗನೆ ನಿಜಾಮನ ಸೈನ್ಯವನ್ನು ಸೇರಿದನು. ಮುಂದೆ ಬಾಲರಾಜನಾದ ವೆಂಕಟಪ್ಪ ನಾಯಕನ ಪರವಾಗಿ ಸುರಪುರದ ಆಡಳಿತವನ್ನು ನೋಡಿಕೊಂಡು 1853ರಲ್ಲಿ ರಾಜನಿಗೆ ಒಪ್ಪಿಸಿದನು. ಆ ರಾಜನೇ ಆಂಗ್ಲರ ವಿರುದ್ಧ ಬಂಡೆದ್ದು 1858ರಲ್ಲಿ ಸೆರೆಯಾಳಾಗಿ ಮಡಿದನು. ಟೇಲರನ ಮಮತೆಗೆ ಅವನ ಸರಕಾರವೇ ಎಲ್ಲೆಯಾಗಿತ್ತೆಂಬುದನ್ನು ನಾವು ಮರೆಯಲಾಗದು.

1837ರಲ್ಲಿ ಅವನ ದಖನ್ ಚಿತ್ರಗಳ ಸಂಪುಟವು ಲಂಡನ್ನಿನಲ್ಲಿ ಅಚ್ಚಾಯಿತು. 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ, 1840ರಲ್ಲಿ ಟಿಪ್ಪುವಿನ ಕಾಲದ ಕಾದಂಬರಿ, 1863ರಲ್ಲಿ ಬಿಜಾಪುರ ರಾಜ್ಯದ ಹಿನ್ನೆಲೆಯ 'ತಾರಾ' ಬಂದುವು. 1866ರಲ್ಲಿ ಪ್ರಕಟವಾದ ಬಿಜಾಪುರದ ವಾಸ್ತುವನ್ನು ಕುರಿತ ಹಾಗೂ ಧಾರವಾಡ-ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ಎರಡು ಛಾಯಾಚಿತ್ರ ಗ್ರಂಥಗಳಿಗೂ ವಿವರಣೆ ಬರೆದವನು ಇವನೇ.

ಆದರೆ ಇವೆಲ್ಲಕ್ಕಿಂತ ಬಾಳಿಕೆ ಬಂದುದು ಗೋರಿಗಳ ಸೀಳುನೋಟದ ಚಿತ್ರ. ನೆಲವನ್ನು ಮೇಲಿನಿಂದ ಕೆಳಕ್ಕೆ ಕೊಯ್ದಂತೆ ಭಾವಿಸಿ, ಪಕ್ಕದಿಂದ ಕಾಣುವುದನ್ನು ಬರೆಯುವ ಕ್ರಮವಿದು. ಮಣ್ಣಿನ ಪದರಗಳು, ಕಲ್ಲುಗಳು, ಅಸ್ಥಿಗಳು, ಮಡಕೆಗಳು ಯಾವ ಆಳದಲ್ಲಿದ್ದುವೋ ಅಲ್ಲಿಯೇ ತೋರುತ್ತವೆ. ಜೇವರ್ಗಿ ಮೊದಲಾದೆಡೆ ಅವನು ಹೀಗೆ ಬರೆದ ಚಿತ್ರಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಮಾರ್ಟಿಮರ್ ವ್ಹೀಲರ್ ಬಹುವಾಗಿ ಮೆಚ್ಚಿದನು.

ಈ ಗೋರಿಗಳಿಗೂ ಯೂರೋಪಿನ ಕೆಲ್ಟಿಕ್ ಜನರ ಗೋರಿಗಳಿಗೂ ನಂಟುಂಟೆಂದು ಟೇಲರನು ಊಹಿಸಿದ್ದನು. ಆ ಊಹೆ ನಿಲ್ಲಲಿಲ್ಲ. ಅವು ಬಹುಮಟ್ಟಿಗೆ ದಕ್ಷಿಣ ಭಾರತದ ಕಬ್ಬಿಣ ಯುಗದವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಭಿಪ್ರಾಯವು ಬಿದ್ದರೂ ಅಳತೆಯು ಉಳಿಯಿತು. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಹಿಂದೂಪುರದವರಿಗೆ ಲೇಪಾಕ್ಷಿಯ ಚಾವಣಿಯ ವರ್ಣಚಿತ್ರಗಳುಂಟು, ಕಲ್ಯಾಣದುರ್ಗದವರಿಗೆ ಮುದಿಗಲ್ಲುಂಟು. ಚಿತ್ರದ ಬಣ್ಣ ಮಾಸಬಹುದು, ಗೋರಿಯ ಚಪ್ಪಡಿ ಹೊಲದ ಬದುವಿಗೋ ಮನೆಯ ಮೆಟ್ಟಿಲಿಗೋ ಹೋಗಬಹುದು. ಅಗೆಯುವುದು ಪುರಾತತ್ವ ಇಲಾಖೆಯ ಕೆಲಸ. ನಾವು ಗುದ್ದಲಿ ಹಿಡಿಯಬೇಕಿಲ್ಲ. ವಿದ್ಯಾರ್ಥಿಗಳೊಡನೆ ಅಳತೆಯ ಪಟ್ಟಿಯನ್ನೂ ಪುಸ್ತಕವನ್ನೂ ಕೊಂಡೊಯ್ದು, ಇದ್ದುದನ್ನು ಇದ್ದಂತೆ ಬರೆದಿಟ್ಟರೆ ಸಾಕು. ಕಾರಣವನ್ನು ಮುಂದಿನವರು ವಿಚಾರಿಸಲಿ. ಅವರಿಗೆ ಸಾಮಗ್ರಿಯನ್ನು ಉಳಿಸುವುದು ನಮ್ಮ ಹೊಣೆ.